ಓದುಗರ ಪ್ರಶ್ನೆ: ಅಭ್ಯಾಸದ ಮರದ ಕತ್ತಿ ಆರಿಸುವಾಗ

ಪ್ರಶ್ನೆ: ಇಲ್ಲಿನ ಕ್ಲಬ್ಬೊಂದರಲ್ಲಿ ಹಳೆಯ ಜರ್ಮನ್ ಪದ್ಧತಿಯ ಲಾಂಗ್‌ಸ್ವೋರ್ಡ್ (ಎರಡು ಕೈಯಲ್ಲಿ ಹಿಡಿಯುವ ಉದ್ದ ಕತ್ತಿ) ಕಲಿಯುತ್ತಿದ್ದೇನೆ. ಮರದ ಕತ್ತಿ ಕೊಳ್ಳಬೇಕು. ಹಿಕರಿ, ಆ್ಯಶ್, ಬೀಚ್, ಓಕ್ ಇವುಗಳಲ್ಲಿ ಯಾವುದು ಒಳ್ಳೆಯದು?
– ಓದುಗರೊಬ್ಬರು, ಸ್ಟುಟ್‌ಗಾರ್ಟ್

ಉತ್ತರ: ಸಿಕ್ಕರೆ ಹಿಕರಿ. ಅಮೆರಿಕದಲ್ಲಿ ಕೊಡಲಿ, ಸುತ್ತಿಗೆಗಳಿಗೆ ಅದರದೇ ಕಾವು ಹಾಕುತ್ತಾರೆ, ಪೆಟ್ಟು ತಾಳುವ ಗುಣ ಅಷ್ಟಿದೆ. ಆ್ಯಶ್ ಹಗುರ, ಆದರೆ ಅಂಚಿನಲ್ಲಿ ಬೇಗ ಸಿಬಿರು ಏಳುತ್ತದೆ. ಬೀಚ್ ಕಲಿಕೆಯ ಆರಂಭಕ್ಕೆ ಸಾಕು. ಓಕ್‌ನಲ್ಲಿ ಬಿಳಿಯದು ಆದೀತು, ಕೆಂಪು ಬೇಡ.

ಆದರೆ ಮರದ ಜಾತಿಗಿಂತ ಮೊದಲು ಎಳೆ ನೋಡಿ. ಎಳೆ ಓರೆಯಾದ ಹಿಕರಿಗಿಂತ ಎಳೆ ನೇರವಾದ ಬೀಚ್ ಹೆಚ್ಚು ಕಾಲ ಬಾಳುತ್ತದೆ. ಕತ್ತಿಯ ಅಗಲದ ಮುಖವನ್ನೂ ಅಂಚನ್ನೂ ಬೆಳಕಿಗೆ ಹಿಡಿಯಿರಿ. ಗೆರೆಗಳು ಹಿಡಿಯಿಂದ ಮೊನೆಯವರೆಗೆ ಉದ್ದುದ್ದ ಸಾಗಿರಬೇಕು. 30 ಸೆಂ.ಮೀ. ಉದ್ದದಲ್ಲಿ 2 ಸೆಂ.ಮೀ.ಗಿಂತ ಹೆಚ್ಚು ಪಕ್ಕಕ್ಕೆ ಸರಿದಿದ್ದರೆ, ಮುರಿದಾಗ ಅಲ್ಲೇ ಓರೆಯಾಗಿ ಸೀಳಿ ಚೂಪಾದ ತುಂಡು ಹಾರುತ್ತದೆ. ಹಿಡಿಗೂ ಅಲಗಿಗೂ ನಡುವಿನ ಅಡ್ಡಪಟ್ಟಿ ಕೂರುವ ಜಾಗದಲ್ಲಿ ಗಂಟಿದ್ದರಂತೂ ಮುಟ್ಟಲೇಬೇಡಿ, ಹೆಚ್ಚಿನ ಒತ್ತಡ ಬೀಳುವುದು ಅಲ್ಲಿಯೇ. ಇನ್ನೊಂದು ವಿಷಯ ಅಂಗಡಿಯವರು ಹೇಳುವುದು ಕಡಿಮೆ: ಹಿಕರಿ, ಆ್ಯಶ್‌ಗಳಲ್ಲಿ ವರ್ಷಬಳೆಗಳು ತೀರಾ ಒತ್ತೊತ್ತಾಗಿದ್ದರೆ ಅದು ಗಟ್ಟಿತನದ ಗುರುತಲ್ಲ. ಬಳೆಗೊಂದು ರಂಧ್ರಭರಿತ ಪದರ ಇರುವುದರಿಂದ, ಬಳೆ ಹೆಚ್ಚಿದಷ್ಟೂ ಟೊಳ್ಳು ಹೆಚ್ಚು.

ಅಳತೆಗೆ ಒಟ್ಟು 115ರಿಂದ 125 ಸೆಂ.ಮೀ., ಹಿಡಿ 25ರಿಂದ 28, ತೂಕ ಒಂದೂಕಾಲು ಕಿಲೋ ಆಸುಪಾಸು. ನೆಲಕ್ಕೆ ಊರಿ ನಿಲ್ಲಿಸಿದಾಗ ಹಿಡಿಯ ತುದಿಯ ಗುಂಡು ಕಂಕುಳಿಗೆ ಬರಬೇಕೆಂಬುದು 15ನೇ ಶತಮಾನದ ಇಟಲಿಯ ಗುರು ಫಿಲಿಪ್ಪೊ ವಾದಿಯ ಲೆಕ್ಕ. ಜರ್ಮನ್ ಪದ್ಧತಿಗೂ ಅದು ತಪ್ಪಾಗದು. ಹಿಡಿ ಮೊಟ್ಟೆಯಾಕಾರದಲ್ಲಿರಲಿ. ದುಂಡಾಗಿದ್ದರೆ ಕತ್ತಿಯ ಬಾಯಿ ಯಾವ ಕಡೆಗಿದೆಯೆಂದು ಕೈಗೆ ತಿಳಿಯುವುದಿಲ್ಲ, ಹೊಡೆತ ಮಗುಚಿಕೊಳ್ಳುತ್ತದೆ. ಅಂಚು ಒಂದು ಸೆಂ.ಮೀ. ದಪ್ಪವಾಗಿ, ಉರುಟಾಗಿರಲಿ. ಚೂಪು ಮಾಡಿದ ಅಂಚು ಅಂದಕ್ಕೆ ಸರಿ, ನಾಲ್ಕು ಪೆಟ್ಟಿಗೆ ಹಲ್ಲುಹಲ್ಲಾಗುತ್ತದೆ.

ಮರದ ಸಾಂದ್ರತೆ ಉಕ್ಕಿನ ಹತ್ತನೇ ಒಂದರಷ್ಟು. ಹಾಗಾಗಿ ಅಲಗನ್ನು ದಪ್ಪ ಮಾಡಿ ತೂಕ ತುಂಬುತ್ತಾರೆ, ಉಕ್ಕಿನ ಗುಂಡಿನಂತೆ ಹಿಂದಿನಿಂದ ತೂಗುವ ಭಾಗವೂ ಇರುವುದಿಲ್ಲ. ಫಲವಾಗಿ ಭಾರ ಮುಂದಕ್ಕೆ ಜಗ್ಗುತ್ತದೆ. ಬೆರಳಿನ ಮೇಲೆ ತೂಗಿ ನೋಡಿ: ಸಮತೋಲದ ಬಿಂದು ಅಡ್ಡಪಟ್ಟಿಯಿಂದ 12 ಸೆಂ.ಮೀ. ದಾಟಿದರೆ ಮಣಿಕಟ್ಟು ನೋಯುತ್ತದೆ.

ಪ್ರಶ್ನೆ: ನಮ್ಮೂರ ಬಡಗಿಯಿಂದ ತೇಗದಲ್ಲಿ ಮಾಡಿಸಿದರೆ ಆಗದೇ? ಎಣ್ಣೆಯೋ ವಾರ್ನಿಶ್ಶೋ?
– ಓದುಗರೊಬ್ಬರು, ಮೈಸೂರು

ಉತ್ತರ: ತೇಗ ಬಾಗಿಲಿಗೆ ಚೆಂದ, ಕತ್ತಿಗಲ್ಲ. ಪೆಟ್ಟಿಗೆ ಸೀಳಿಬಿಡುತ್ತದೆ. ಗಾಡಿಯ ಅಚ್ಚಿಗೆ, ಉಪಕರಣಗಳ ಕಾವಿಗೆ ಬಳಸುತ್ತಿದ್ದ ದಿಂಡಿಗ ಅಥವಾ ಜಾಲಿ ಕೇಳಿ. ಹಸಿ ಮರ ಬೇಡ, ಒಣಗುವಾಗ ತಿರುಚುತ್ತದೆ, ಅಡ್ಡಪಟ್ಟಿಯೂ ಸಡಿಲವಾಗುತ್ತದೆ. ಪಟ್ಟಿಯನ್ನು ಮೊಳೆ ಹೊಡೆದು ಕೂಡಿಸಲು ಬಿಡಬೇಡಿ. ಸೀಳು ಆ ತೂತಿನಿಂದಲೇ ಶುರು. ಪಟ್ಟಿಯಲ್ಲಿ ಕಂಡಿ ತೆಗೆದು, ಬಿಗಿಯಾಗಿ ತೂರಿಸಿ, ಅಂಟು ಹಾಕಲಿ.

ವಾರ್ನಿಶ್ ಬಿರುಕು ಮುಚ್ಚಿಡುತ್ತದೆ, ಬೆವರು ಕೈಗೆ ಜಾರುತ್ತದೆ. 220ರ ಸ್ಯಾಂಡ್‌ಪೇಪರ್ ಉಜ್ಜಿ, ಅಗಸೆ ಎಣ್ಣೆಯನ್ನು ತೆಳ್ಳಗೆ ಹಚ್ಚಿ, ಅರ್ಧ ಗಂಟೆಗೆ ಒರೆಸಿ, ಒಣಗಿದ ಮೇಲೆ ಮತ್ತೆರಡು ಸಲ ಹಚ್ಚಿ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬಾರದು, ತಾನಾಗಿ ಬಿಸಿಯಾಗಿ ಹೊತ್ತಿಕೊಳ್ಳಬಲ್ಲದು. ನೀರಲ್ಲಿ ನೆನೆಸಿ, ಹೊರಗೆ ಹರಡಿ ಒಣಗಿಸಿ.

ಪ್ರಶ್ನೆ: ಮರದ ಕತ್ತಿಯಲ್ಲಿ ಪೂರ್ಣ ವೇಗದ ಕಾದಾಟ ಆಡಬಹುದೇ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಬೇಡ. ಅಭ್ಯಾಸದ ಉಕ್ಕಿನ ಕತ್ತಿಯನ್ನು ತಿವಿದರೆ ಅಲಗು ಬಾಗುತ್ತದೆ, ಮರದ್ದು ಬಾಗದು. ಪೂರ್ತಿ ಬಲ ಪಕ್ಕೆಲುಬಿಗೋ ಗಂಟಲಿಗೋ ಹೋಗುತ್ತದೆ. ತೆಳು ಕೈಗವಸಿನಲ್ಲಿ ಬೆರಳೂ ಉಳಿಯದು. ಅಲ್ಲದೆ ಮರ ಮರಕ್ಕೆ ತಾಗಿದಾಗ ಪುಟಿಯುತ್ತದೆ, ಉಕ್ಕಿನಂತೆ ಅಂಟಿ ನಿಲ್ಲುವುದಿಲ್ಲ. ಅಲಗು ಕೂಡಿದಾಗಿನ ಒತ್ತಡ ಅಳೆಯುವ ಪಾಠವೇ ಕೆಡುತ್ತದೆ. ಒಬ್ಬರೇ ಮಾಡುವ ಅಭ್ಯಾಸ, ನಿಧಾನದ ಜೋಡಿ ಅಭ್ಯಾಸ, ಟೈರಿಗೆ ಹೊಡೆಯುವುದು – ಇಷ್ಟಕ್ಕೆ ಮರ ತಕ್ಕದ್ದು. ಜೋಡಿ ಅಭ್ಯಾಸದಲ್ಲೂ ಫೆನ್ಸಿಂಗ್ ಮುಖಕವಚ ಹಾಕಿ.

ಮರವೇ ಬೇಕೆನ್ನುವವರಿಗೆ ಡುಸಾಕ್ ಇದೆ: ಒಂದು ಕೈಯ, ಬಾಗಿದ, ಗಿಡ್ಡ ಮರದ ಆಯುಧ. ಜರ್ಮನ್ ಕತ್ತಿವರಸೆ ಗುರು ಯೋಆಖಿಮ್ ಮಾಯರ್ 1570ರಲ್ಲಿ ಸ್ಟ್ರಾಸ್‌ಬರ್ಗ್‌ನಲ್ಲಿ ಪ್ರಕಟಿಸಿದ ಪಾಠಗಳಲ್ಲಿ ಅದಕ್ಕೆ ಪ್ರತ್ಯೇಕ ಭಾಗವೇ ಇದೆ. ಹಿಡಿ ಅಲಗಿನಲ್ಲೇ ಕೊರೆದದ್ದಾದ್ದರಿಂದ ಸಡಿಲವಾಗಲು ಅಡ್ಡಪಟ್ಟಿಯೇ ಇಲ್ಲ.