ಸಂಬಳ ಕೊಡದ ಏರ್‌ಲೈನ್ ಮುಚ್ಚಿಹೋಗಲಿ ಅಂತ ಅದರ ಪೈಲಟ್‌ಗಳೇ ಯಾಕೆ ಹೇಳುತ್ತಾರೆ?

ನೀವು ಬೀದರ್‌ನಿಂದ ಕೇಳಿದ್ದೀರಿ. ನಿಮ್ಮ ಅಣ್ಣ ಒಂದು ಸಣ್ಣ ಏರ್‌ಲೈನ್‌ನಲ್ಲಿ ಎಟಿಆರ್ ಅನ್ನುವ ಸಣ್ಣ ಪ್ರೊಪೆಲ್ಲರ್ ವಿಮಾನದ ಫಸ್ಟ್ ಆಫೀಸರ್, ಅಂದರೆ ಕೋ-ಪೈಲಟ್. ಕೆಲವು ತಿಂಗಳಿಂದ ಪಗಾರ ಸರಿಯಾಗಿ ಆಗಿಲ್ಲ. ಕಂಪನಿ ಮುಚ್ಚುತ್ತದೆ ಅಂತ ಸುದ್ದಿ ಇದೆ. ಒಂದು ದಿನ ಅವರೇ "ಮುಚ್ಚಿ ಹೋಗಲಿ" ಅಂತಾರೆ. ಮರುದಿನ ಮನೆಯಲ್ಲಿ ಯಾರಾದರೂ ಕಂಪನಿಗೆ ಬೈದರೆ ಅವರ ಮೇಲೆಯೇ ರೇಗುತ್ತಾರೆ. ಇದು ಸಹಜವಾ, ಅವರ ತಲೆಯಲ್ಲಿ ಏನು ನಡೀತಿದೆ ಅಂತ ನಿಮ್ಮ ಪ್ರಶ್ನೆ.

ಪೂರ್ತಿ ಸಹಜ. ನಾನು ಕಲಬುರಗಿಯವನು. ಈಗ ಒಂದು ದೊಡ್ಡ ಏರ್‌ಲೈನ್‌ನಲ್ಲಿ ಏರ್‌ಬಸ್ ಹಾರಿಸುತ್ತೇನೆ. ಅದಕ್ಕೆ ಮೊದಲು ಬೇರೆ ರಾಜ್ಯದ ಒಂದು ಸಣ್ಣ ಸಂಸ್ಥೆಯಲ್ಲಿ ಎಟಿಆರ್ ಮೇಲಿದ್ದೆ. ಅದು ಕಲಬುರಗಿಗೂ ಬರುತ್ತಿರಲಿಲ್ಲ, ಬೀದರ್‌ಗೂ ಬರುತ್ತಿರಲಿಲ್ಲ. ಹೆಸರು ಬೇಡ. ಅದು ಒಂದೇ ದಿನ ಬಾಗಿಲು ಹಾಕಲಿಲ್ಲ. ತಿಂಗಳುಗಟ್ಟಲೆ ಎಳೆದಾಡಿ ಕೊನೆಗೆ ನಿಂತಿತು. ಆ ತಿಂಗಳುಗಳಲ್ಲಿ ನನ್ನ ಜೊತೆ ಹಾರುತ್ತಿದ್ದ ಪ್ರತಿಯೊಬ್ಬರ ಬಾಯಲ್ಲೂ ನಿಮ್ಮ ಅಣ್ಣನ ಎರಡೂ ಮಾತು ಕೇಳಿದ್ದೇನೆ. ನಾನೂ ಎರಡನ್ನೂ ಆಡಿದ್ದೇನೆ. ಎರಡೂ ಮನಸ್ಸಿನಿಂದಲೇ ಬಂದ ಮಾತು.

ಹೊರಗಿನವರಿಗೆ ಏರ್‌ಲೈನ್ ಒಂದೋ ಇರುತ್ತದೆ, ಇಲ್ಲವೋ ಮುಚ್ಚುತ್ತದೆ. ಪೈಲಟ್‌ಗೆ ಅತಿ ಕೆಟ್ಟದ್ದು ಇವೆರಡರ ನಡುವಿನ ಕಾಲ. ಕಂಪನಿ ಉಸಿರಾಡುತ್ತಿದೆ, ಆದರೆ ಬದುಕುತ್ತಿಲ್ಲ. ಆಗ ನೀವು ಅಲ್ಲಿ ಇರುವ ಹಾಗೂ ಇಲ್ಲ, ಬಿಡುವ ಹಾಗೂ ಇಲ್ಲ.

ಬಿಡುವ ಹಾಗಿಲ್ಲ ಅಂದೆ. ಯಾಕೆ ಅಂತ ಹೇಳುತ್ತೇನೆ. 2017ರಲ್ಲಿ ವಿಮಾನಯಾನ ನಿಯಂತ್ರಕ ಸಂಸ್ಥೆ ಡಿಜಿಸಿಎ ಒಂದು ನಿಯಮ ತಂದಿತು. ಕೆಲಸ ಬಿಡಬೇಕಾದರೆ ಕಮಾಂಡರ್, ಅಂದರೆ ಕ್ಯಾಪ್ಟನ್, ಒಂದು ವರ್ಷ ಮೊದಲು, ಕೋ-ಪೈಲಟ್ ಆರು ತಿಂಗಳು ಮೊದಲು ನೋಟಿಸ್ ಕೊಡಬೇಕು. ಕಂಪನಿ ತಾನಾಗಿ ಎನ್‌ಒಸಿ, ಅಂದರೆ ಬಿಡಲು ಅಭ್ಯಂತರ ಇಲ್ಲ ಅನ್ನುವ ಪತ್ರ, ಕೊಟ್ಟರೆ ಈ ಅವಧಿ ಕಡಿಮೆ ಆಗಬಹುದು. ಪೈಲಟ್‌ಗಳು ಗುಂಪಾಗಿ ಬಿಟ್ಟುಹೋಗಿ ಪ್ರಯಾಣಿಕರು ಏರ್‌ಪೋರ್ಟ್‌ನಲ್ಲಿ ಪರದಾಡಬಾರದು ಅನ್ನುವುದು ಇದರ ಉದ್ದೇಶ. ಒಳ್ಳೆಯ ಉದ್ದೇಶವೇ. ಆದರೆ ಕಷ್ಟದಲ್ಲಿರುವ ಕಂಪನಿ ಎನ್‌ಒಸಿ ಯಾಕೆ ಕೊಡುತ್ತದೆ ಹೇಳಿ? ನಾಲ್ಕು ಪೈಲಟ್ ಹೋದರೆ ಅವರ ಎರಡು ರೂಟ್ ನಿಲ್ಲುತ್ತವೆ. ಇದರ ಮೇಲೆ ಟ್ರೈನಿಂಗ್ ಬಾಂಡ್ ಬೇರೆ, ನಡುವೆ ಬಿಟ್ಟರೆ ತರಬೇತಿಯ ದುಡ್ಡು ಕಟ್ಟಬೇಕು ಅನ್ನುವ ಕರಾರು. ಹೀಗಾಗಿ ಇನ್ನೊಂದು ಕಡೆ ಇಂಟರ್‌ವ್ಯೂ ಪಾಸಾದರೂ ಸೇರಿಕೊಳ್ಳುವ ದಿನ ಹೇಳಲು ಆಗುವುದಿಲ್ಲ. ಕಂಪನಿಯೇ ನಿಂತರೆ ಹಿಡಿದಿಟ್ಟುಕೊಳ್ಳುವವರು ಯಾರೂ ಇರುವುದಿಲ್ಲ. "ಮುಚ್ಚಿ ಹೋಗಲಿ" ಅನ್ನುವ ಮಾತು ಮೊದಲು ಹುಟ್ಟುವುದು ಇಲ್ಲಿ. ಅದರಲ್ಲಿ ದ್ವೇಷ ಇಲ್ಲ. ಬಿಡುಗಡೆ ಬೇಕಾಗಿದೆ ಅಷ್ಟೇ.

ಎರಡನೆಯದು ಗಂಟೆಗಳು. ಫಸ್ಟ್ ಆಫೀಸರ್‌ಗೆ ಸಂಬಳಕ್ಕಿಂತ ದೊಡ್ಡ ಆಸ್ತಿ ಲಾಗ್‌ಬುಕ್. ನಮ್ಮ ದೇಶದಲ್ಲಿ 200 ಗಂಟೆ ಹಾರಾಟಕ್ಕೆ ಕಮರ್ಷಿಯಲ್ ಲೈಸೆನ್ಸ್ ಸಿಗುತ್ತದೆ. ಕ್ಯಾಪ್ಟನ್ ಆಗುವ ದಾರಿಯಲ್ಲಿ ಬೇಕಾದ ಎಟಿಪಿಎಲ್ ಅನ್ನುವ ಮೇಲಿನ ಲೈಸೆನ್ಸ್‌ಗೆ 1,500 ಗಂಟೆ ಬೇಕು. ಕಂಪನಿಯ ವಿಮಾನಗಳು ಒಂದೊಂದಾಗಿ ನಿಲ್ಲತೊಡಗಿದರೆ ಆ ಲೆಕ್ಕ ಮುಂದೆ ಹೋಗುವುದೇ ಇಲ್ಲ. ತಿಂಗಳಿಗೆ ಅರವತ್ತು ಎಪ್ಪತ್ತು ಗಂಟೆ ಹಾರುತ್ತಿದ್ದವನು ಹದಿನೈದಕ್ಕೆ ಬರುತ್ತಾನೆ. ಕೊನೆಯ 90 ದಿನದಲ್ಲಿ ಕನಿಷ್ಠ ಮೂರು ಟೇಕಾಫ್, ಮೂರು ಲ್ಯಾಂಡಿಂಗ್ ಆಗಿರಬೇಕು ಅನ್ನುವ ನಿಯಮವೂ ಇದೆ. ಸಿಮ್ಯುಲೇಟರ್ ಚೆಕ್ ಕೂಡ ಹೊತ್ತಿಗೆ ಸರಿಯಾಗಿ ಆಗಬೇಕು. ಅದಕ್ಕೆ ದುಡ್ಡು ಕಟ್ಟಬೇಕಾದದ್ದು ಕಂಪನಿ. ಕಂಪನಿ ಹತ್ತಿರ ದುಡ್ಡಿಲ್ಲ. ಚೆಕ್ ಲ್ಯಾಪ್ಸ್ ಆದ ಪೈಲಟ್‌ನನ್ನು ಬೇರೆಯವರು ತಗೊಳ್ಳಲು ಹಿಂದೆ ಮುಂದೆ ನೋಡುತ್ತಾರೆ. ಸಂಬಳ ತಡವಾದರೆ ಸಾಲ ಮಾಡಬಹುದು. ಹೋದ ವರ್ಷವನ್ನು ಎಲ್ಲಿಂದ ತರುವುದು?

ನಿಮ್ಮ ಅಣ್ಣ ಎಟಿಆರ್ ಮೇಲಿದ್ದಾರೆ ಅನ್ನುವುದೂ ಇಲ್ಲಿ ಮುಖ್ಯ. ಎಟಿಆರ್ ಟೈಪ್ ರೇಟಿಂಗ್ (ಆ ಒಂದು ಮಾದರಿ ಹಾರಿಸುವ ಅರ್ಹತೆ) ಇಟ್ಟುಕೊಂಡು ಭಾರತದಲ್ಲಿ ಹೋಗಬಹುದಾದ ಬಾಗಿಲುಗಳು ಕಡಿಮೆ. ಇಂಡಿಗೋದಲ್ಲಿ ಎಟಿಆರ್ ಇದೆ, ಅಲಯನ್ಸ್ ಏರ್‌ನಲ್ಲಿ ಇದೆ, 2024ರಲ್ಲಿ ಗೋವಾದಿಂದ ಶುರುವಾದ ಫ್ಲೈ91ನಲ್ಲಿ ಇದೆ. ಜೆಟ್ ಕಡೆ ಹೋಗಬೇಕಾದರೆ ಎ320 ರೇಟಿಂಗ್ ಹೊಸದಾಗಿ ಮಾಡಬೇಕು. ಸ್ವಂತ ಖರ್ಚಿನಲ್ಲಿ ಆದರೆ ಅದು ಮತ್ತೆ ಲಕ್ಷಗಳ ಮಾತು. ಮೊದಲಿನ ಸಾಲವೇ ತೀರಿರುವುದಿಲ್ಲ.

ಒಳಗೆ ದಿನ ಹೇಗೆ ಕಳೆಯುತ್ತದೆ ಅಂತ ನಿಮಗೆ ಗೊತ್ತಿರಲಿ. ಯಾಕೆಂದರೆ ಅವರು ಮನೆಯಲ್ಲಿ ಇದನ್ನು ಹೇಳುವುದಿಲ್ಲ. ಸಂಬಳ ಮೊದಲು ವಾರ ತಡವಾಗುತ್ತದೆ. ಆಮೇಲೆ ಅರ್ಧ ಬರುತ್ತದೆ. ಆಮೇಲೆ ಮ್ಯಾನೇಜ್‌ಮೆಂಟ್‌ನಿಂದ ಮೇಲ್ ಮಾತ್ರ ಬರುತ್ತದೆ, ಹೊಸ ಇನ್ವೆಸ್ಟರ್ ಜೊತೆ ಮಾತುಕತೆ ಕೊನೆಯ ಹಂತದಲ್ಲಿದೆ ಅಂತ. ಎಣ್ಣೆ ಕಂಪನಿಗಳು ಸಾಲ ನಿಲ್ಲಿಸುತ್ತವೆ. ದುಡ್ಡು ಬಂದದ್ದು ಖಾತ್ರಿಯಾಗುವ ತನಕ ಇಂಧನದ ಟ್ಯಾಂಕರ್ ವಿಮಾನದ ಹತ್ತಿರ ಬರುವುದಿಲ್ಲ. ನೀವು ಕಾಕ್‌ಪಿಟ್‌ನಲ್ಲಿ ಕೂತಿದ್ದೀರಿ, ಹಿಂದೆ ಎಪ್ಪತ್ತು ಜನ ಕೂತಿದ್ದಾರೆ, ಏನು ಅನೌನ್ಸ್ ಮಾಡುತ್ತೀರಿ? ನಾವು ರಾತ್ರಿ ತಂಗುವ ಲೇಓವರ್ ಹೋಟೆಲ್‌ನವರು ಹಳೆ ಬಾಕಿ ಕೊಡದೆ ರೂಮ್ ಇಲ್ಲ ಅಂತಾರೆ. ಏರ್‌ಹೋಸ್ಟೆಸ್ ಹುಡುಗಿಯರು ರಾತ್ರಿ ಹನ್ನೊಂದಕ್ಕೆ ಬ್ಯಾಗ್ ಹಿಡಿದು ರಿಸೆಪ್ಷನ್‌ನಲ್ಲಿ ನಿಂತಿರುತ್ತಾರೆ. ನಿಂತ ವಿಮಾನದ ಪಾರ್ಟ್ ಬಿಚ್ಚಿ ಹಾರುವ ವಿಮಾನಕ್ಕೆ ಹಾಕುತ್ತಾರೆ. ಇದಕ್ಕೆ ನಿಯಮದಲ್ಲಿ ಅವಕಾಶ ಇದೆ, ಎಲ್ಲ ದಾಖಲೆ ಸರಿ ಇದ್ದರೆ ಸುರಕ್ಷಿತವೂ ಹೌದು. ಆದರೂ ಆ ದಿನಗಳಲ್ಲಿ ನಾನು ಟೆಕ್ ಲಾಗ್, ಅಂದರೆ ವಿಮಾನದ ದೋಷ ಮತ್ತು ರಿಪೇರಿ ಬರೆದಿಡುವ ಪುಸ್ತಕ, ಓದುತ್ತಿದ್ದ ರೀತಿಯೇ ಬದಲಾಯಿತು. ಹಿಂದಿನ ಪುಟಗಳಿಗೂ ಹೋಗಿ ಓದುತ್ತಿದ್ದೆ. ಅದೇ ದೋಷ ಮತ್ತೆ ಮತ್ತೆ ಮುಂದೂಡಿದ್ದಾರಾ ಅಂತ ಹುಡುಕುತ್ತಿದ್ದೆ. ನಮ್ಮ ಎಂಜಿನಿಯರ್‌ಗಳು ಪ್ರಾಮಾಣಿಕರು. ಸಂಬಳ ಇಲ್ಲದೆಯೂ ಒಂದು ಸಹಿಯನ್ನೂ ಸುಮ್ನೆ ಹಾಕಲಿಲ್ಲ. ಅವರ ಮೇಲಿನ ಗೌರವ ನನಗೆ ಇವತ್ತಿಗೂ ಹಾಗೇ ಇದೆ.

ಹಾಗಾದರೆ ಬೈದರೆ ಯಾಕೆ ಸಿಟ್ಟು ಬರುತ್ತದೆ? ಆ ಕಂಪನಿಯೇ ಮೊದಲ ಸೀಟ್ ಕೊಟ್ಟದ್ದು. 200 ಗಂಟೆಯ ಲೈಸೆನ್ಸ್ ಹಿಡಿದುಕೊಂಡು ವರ್ಷಗಟ್ಟಲೆ ಮನೆಯಲ್ಲಿ ಕೂತ ಹುಡುಗರು ನಮ್ಮ ಭಾಗದಲ್ಲೇ ಎಷ್ಟೋ ಜನ. ದೊಡ್ಡವರು ಬಾಗಿಲು ತೆರೆಯದಿದ್ದಾಗ ಸಣ್ಣವರು ಕರೆದು ಕೂರಿಸಿಕೊಂಡರು. ಎಟಿಆರ್‌ನಲ್ಲಿ ಸೆಕ್ಟರ್‌ಗಳು ಸಣ್ಣವು, ಲ್ಯಾಂಡಿಂಗ್ ಜಾಸ್ತಿ. ಸಣ್ಣ ಊರಿನ ಎಷ್ಟೋ ಏರ್‌ಪೋರ್ಟ್‌ಗಳಲ್ಲಿ ಐಎಲ್ಎಸ್ (ಇಳಿಯಲು ರೇಡಿಯೋ ಮೂಲಕ ದಾರಿ ತೋರುವ ವ್ಯವಸ್ಥೆ) ಇರುವುದಿಲ್ಲ, ಮಳೆ ಮೋಡದಲ್ಲಿ ಕಣ್ಣು ಕೈ ಎರಡೂ ಚುರುಕಾಗಿರಬೇಕು. ನನಗೆ ನಿಜವಾಗಿ ವಿಮಾನ ಹಾರಿಸಲು ಬಂದದ್ದು ಅಲ್ಲಿಯೇ. ಸಂಸ್ಥೆ ಸಣ್ಣದಿದ್ದರೆ ಎಲ್ಲರಿಗೂ ಎಲ್ಲರೂ ಗೊತ್ತು. ಲೋಡರ್ ಮಗಳ ಮದುವೆಗೂ ಹೋಗುತ್ತೀರಿ. ಕಂಪನಿ ಮುಚ್ಚಿದರೆ ಪೈಲಟ್‌ಗೆ ಇವತ್ತಲ್ಲ ನಾಳೆ ಕೆಲಸ ಸಿಗುತ್ತದೆ. ಆ ಲೋಡರ್‌ಗೆ, ಚೆಕ್-ಇನ್ ಕೌಂಟರ್‌ನ ಹುಡುಗನಿಗೆ, ಕ್ರೂ ವ್ಯಾನ್ ಡ್ರೈವರ್‌ಗೆ ಆ ಊರಿನಲ್ಲಿ ಇನ್ನೊಂದು ಏರ್‌ಲೈನ್ ಎಲ್ಲಿದೆ? "ಮುಚ್ಚಿ ಹೋಗಲಿ" ಅಂದ ರಾತ್ರಿ ಇದು ನೆನಪಾಗುತ್ತದೆ. ನಿದ್ದೆ ಬರುವುದಿಲ್ಲ.

ಪೈಲಟ್‌ಗಳ ನಡುವೆಯೂ ಒಂದೇ ಮನಸ್ಸು ಇರುವುದಿಲ್ಲ. ಐವತ್ತು ದಾಟಿದ ಕ್ಯಾಪ್ಟನ್‌ಗಳು ಕಂಪನಿ ಹೇಗಾದರೂ ಉಳಿಯಲಿ ಅಂತ ಬಯಸುತ್ತಾರೆ. ಯಾಕೆಂದರೆ ಹೊಸ ಕಡೆ ಹೋದರೆ ಸೀನಿಯಾರಿಟಿ ಪಟ್ಟಿಯ ತಳದಿಂದ ಶುರು. ಎಡಗಡೆ ಕ್ಯಾಪ್ಟನ್ ಸೀಟಿನಲ್ಲಿ ಕೂತವರು ಮತ್ತೆ ಬಲಗಡೆ ಕೋ-ಪೈಲಟ್ ಸೀಟಿನಲ್ಲಿ ಕೂರಬೇಕಾಗಬಹುದು. ಹುಡುಗರಿಗೆ ಆ ಚಿಂತೆ ಇಲ್ಲ, ಬೇಗ ಹೊರಟರೆ ಸಾಕು. ಒಂದೇ ಕಾಕ್‌ಪಿಟ್‌ನಲ್ಲಿ ಪಕ್ಕಪಕ್ಕ ಕೂತ ಇಬ್ಬರಿಗೆ ಬೇರೆ ಬೇರೆ ಭವಿಷ್ಯ ಬೇಕಾಗಿರುತ್ತದೆ. ಇಬ್ಬರೂ ಅದನ್ನು ಬದಿಗಿಟ್ಟು ಚೆಕ್‌ಲಿಸ್ಟ್ ಓದುತ್ತಾರೆ.

ಈಗ ದೊಡ್ಡ ಕಂಪನಿಯಲ್ಲಿ ಇದ್ದು ನೋಡಿದಾಗ ಇನ್ನೊಂದು ಮುಖವೂ ಕಾಣುತ್ತಿದೆ. ಎಲ್ಲೋ ಒಂದು ಏರ್‌ಲೈನ್ ಮುಳುಗುತ್ತಿದೆ ಅಂದರೆ ಇಲ್ಲಿನ ಪೈಲಟ್‌ಗಳು ಮರುಗುತ್ತಾರೆ. ಜೊತೆಗೆ ಲೆಕ್ಕವನ್ನೂ ಹಾಕುತ್ತಾರೆ. ಅನುಭವ ಇರುವವರು ಒಟ್ಟಿಗೆ ಮಾರುಕಟ್ಟೆಗೆ ಬಂದರೆ ನಮ್ಮ ಪ್ರಮೋಷನ್ ತಡವಾಗುತ್ತದಾ, ಸಂಬಳ ಕೇಳುವ ಬಲ ಕಡಿಮೆ ಆಗುತ್ತದಾ ಅಂತ. ಮುಚ್ಚುವ ಹೊತ್ತು ಯಾವುದು ಅನ್ನುವುದರ ಮೇಲೆ ಎಲ್ಲ ನಿಂತಿದೆ. 2019ರ ಏಪ್ರಿಲ್‌ನಲ್ಲಿ ಜೆಟ್ ಏರ್‌ವೇಸ್ ನಿಂತಾಗ ನೂರಾರು ಪೈಲಟ್‌ಗಳು ಒಮ್ಮೆಲೇ ಕೆಲಸ ಹುಡುಕಿದರು, ಕಡಿಮೆ ಸಂಬಳಕ್ಕೆ ಒಪ್ಪಿದವರೂ ಇದ್ದರು. ವರ್ಷದೊಳಗೆ ಕೊರೋನಾ ಬಂತು. 2023ರ ಮೇನಲ್ಲಿ ಗೋ ಫಸ್ಟ್ ನಿಂತಾಗ ಕಾಲ ಬೇರೆ ಇತ್ತು. ಏರ್ ಇಂಡಿಯಾ ಅದೇ ವರ್ಷ 470 ವಿಮಾನಗಳ ಆರ್ಡರ್ ಪ್ರಕಟಿಸಿತ್ತು, ಮುಂದಿನ ತಿಂಗಳು ಇಂಡಿಗೋ 500ಕ್ಕೆ ಆರ್ಡರ್ ಕೊಟ್ಟಿತು. ಪೈಲಟ್‌ಗಳನ್ನು ಹುಡುಕಿಕೊಂಡು ಬರುವವರಿದ್ದರು. ನಿಮ್ಮ ಅಣ್ಣನ ವಿಷಯದಲ್ಲೂ ಇದೇ ಧೈರ್ಯ.

ಇನ್ನು ನಮ್ಮ ಊರುಗಳ ವಿಷಯ. ಇದು ಬೆಂಗಳೂರಿನ ಪೈಲಟ್‌ಗೆ ಅಷ್ಟಾಗಿ ತಟ್ಟುವುದಿಲ್ಲ, ನಮಗೆ ತಟ್ಟುತ್ತದೆ. ಬೀದರ್‌ನಲ್ಲಿ ಬೆಳೆದವರಿಗೆ ವಿಮಾನದ ಸದ್ದು ಹೊಸದಲ್ಲ. ಏರ್‌ಫೋರ್ಸ್ ಸ್ಟೇಷನ್ ಇದೆ, ಸೂರ್ಯಕಿರಣ್ ತಂಡದ ನೆಲೆಯೂ ಅಲ್ಲೇ. ಆದರೆ ನಾವು ಟಿಕೆಟ್ ತಗೊಂಡು ಹತ್ತುವ ವಿಮಾನ, ಸಣ್ಣ ಊರುಗಳಿಗೆ ವಿಮಾನ ತರುವ ಕೇಂದ್ರದ ಉಡಾನ್ ಯೋಜನೆಯಲ್ಲಿ, ಬೀದರ್‌ಗೆ ಬಂದದ್ದು 2020ರ ಫೆಬ್ರವರಿ 7ರಂದು, ಟ್ರೂಜೆಟ್‌ನ ಎಟಿಆರ್. 2022ರ ಫೆಬ್ರವರಿಯಲ್ಲಿ ಟ್ರೂಜೆಟ್ ಹಾರಾಟ ನಿಲ್ಲಿಸಿತು. ಅದೇ ವರ್ಷ ಸ್ಟಾರ್ ಏರ್ ಬಂತು. ಅದೂ ನಡುವೆ ನಿಂತು, 2025ರಲ್ಲಿ ಮತ್ತೆ ಶುರುವಾಯಿತು. ಕಲಬುರಗಿಯಲ್ಲಿ ಶ್ರೀನಿವಾಸ ಸರಡಗಿ ಹತ್ತಿರ 3,175 ಮೀಟರ್ ರನ್‌ವೇ ಕಟ್ಟಿ 2019ರ ನವೆಂಬರ್ 22ರಂದು ಉದ್ಘಾಟನೆ ಮಾಡಿದರು. ಏರ್‌ಬಸ್ ಆರಾಮಾಗಿ ಇಳಿಯಬಹುದಾದ ರನ್‌ವೇ ಅದು. ಮುಂಬೈನಲ್ಲೋ ದಿಲ್ಲಿಯಲ್ಲೋ ಒಂದು ಏರ್‌ಲೈನ್ ನಿಂತರೆ ಅದರ ಸ್ಲಾಟ್‌ಗೆ (ಇಳಿಯುವ, ಹೊರಡುವ ಸಮಯಕ್ಕೆ) ಬೇರೆ ಏರ್‌ಲೈನ್‌ಗಳು ಮುಗಿಬೀಳುತ್ತವೆ. ನಮ್ಮಂಥ ಊರಲ್ಲಿ ನಿಂತರೆ ಟರ್ಮಿನಲ್‌ಗೆ ಬೀಗ. ಮತ್ತೆ ರಾತ್ರಿ ರೈಲು, ಇಲ್ಲವೇ ಕಾರು ಮಾಡಿಕೊಂಡು ಹೈದರಾಬಾದ್‌ನ ಶಂಷಾಬಾದ್.

ಉಡಾನ್‌ನಲ್ಲಿ ಸರ್ಕಾರ ನಷ್ಟ ತುಂಬಿಕೊಡುವುದು ಮೂರು ವರ್ಷ. ನನ್ನ ಪ್ರಕಾರ ಅದು ಸಾಲದು. ವಿಮಾನದ ಬಾಡಿಗೆ ಡಾಲರ್‌ನಲ್ಲಿ. ಟಿಕೆಟ್ ದುಡ್ಡು ರೂಪಾಯಿಯಲ್ಲಿ. ನಾಲ್ಕೈದು ವಿಮಾನ ಇರುವ ಸಂಸ್ಥೆಗೆ ಒಂದು ಎಂಜಿನ್ ಕೈಕೊಟ್ಟರೆ ಇಡೀ ಟೈಮ್‌ಟೇಬಲ್ ಹಾಳು. ಟೈಮ್‌ಟೇಬಲ್ ಮೇಲೆ ಭರವಸೆ ಹೋದರೆ ಜನ ಹತ್ತುವುದಿಲ್ಲ. ಜನರಿಗೆ ಅಭ್ಯಾಸ ಆಗುವ ಮೊದಲೇ ಸಬ್ಸಿಡಿ ಮುಗಿಯುತ್ತದೆ. "ಸಣ್ಣ ಊರಲ್ಲಿ ಯಾರು ಹಾರುತ್ತಾರೆ" ಅಂತ ಆಮೇಲೆ ಹೇಳುತ್ತಾರಲ್ಲ, ಆ ಮಾತು ಕೇಳಿದರೆ ನನಗೂ ಸಿಟ್ಟು ಬರುತ್ತದೆ. ನಿಮ್ಮ ಅಣ್ಣನಿಗೆ ಬರುವುದು ಇದೇ ಸಿಟ್ಟು ಇರಬಹುದು. ಅವರ ಕಂಪನಿ ಇಳಿಯುವ ಊರುಗಳೂ ಬೀದರ್‌ನಂಥವೇ ಅಲ್ವಾ?

ನೀವು ಏನು ಮಾಡಬಹುದು ಅಂತ ಕೇಳಿಲ್ಲ, ಆದರೂ ಹೇಳುತ್ತೇನೆ. ನಮ್ಮಪ್ಪ ದಿನಾ ಫೋನ್ ಮಾಡಿ "ಪಗಾರ ಬಂತೇನೋ?" ಅಂತ ಕೇಳುತ್ತಿದ್ದರು. ಪ್ರೀತಿಯಿಂದಲೇ. ಆದರೆ ಆ ಪ್ರಶ್ನೆಗೆ ಉತ್ತರ ಇರಲಿಲ್ಲ. ಅದನ್ನು ದಿನಾ ಕೇಳಬೇಡಿ. ಅಣ್ಣ ಕಂಪನಿಗೆ ಬೈದಾಗ ನೀವೂ ಜೊತೆಗೆ ಬೈಯಬೇಡಿ, ಸುಮ್ಮನೆ ಕೇಳಿಸಿಕೊಳ್ಳಿ. ಇಎಂಐ ವಿಷಯವನ್ನು ಮನೆಯವರು ಯಾರಾದರೂ ಬ್ಯಾಂಕಿಗೆ ಹೋಗಿ ಮಾತಾಡಿ, ಆ ಭಾರ ಅವರ ತಲೆಯಿಂದ ಇಳಿಯಲಿ. ಒಂದು ಬೆಳಗ್ಗೆ "ಇವತ್ತು ನಾನು ಹಾರುವ ಸ್ಥಿತಿಯಲ್ಲಿ ಇಲ್ಲ" ಅಂತ ಅವರು ಡ್ಯೂಟಿ ಬಿಟ್ಟರೆ ದಯವಿಟ್ಟು ಅವರ ಪರವಾಗಿ ನಿಲ್ಲಿ. ನಿದ್ದೆ ಇಲ್ಲದೆ, ಚಿಂತೆ ಹೊತ್ತುಕೊಂಡು ಹಾರಬಾರದು. ಅನ್‌ಫಿಟ್ ಅಂತ ಹೇಳುವುದು ಪೈಲಟ್‌ನ ಹಕ್ಕೂ ಹೌದು, ಕರ್ತವ್ಯವೂ ಹೌದು.

ಕಾಗದದ ಕೆಲಸ ಮಾತ್ರ ತಡ ಮಾಡಬಾರದು. ಹಾರಿದ ಗಂಟೆಗಳನ್ನೆಲ್ಲ ಡಿಜಿಸಿಎಯ ಇಜಿಸಿಎ ಪೋರ್ಟಲ್‌ನಲ್ಲಿ ಹಾಕಿ ಕಂಪನಿಯಿಂದ ದೃಢೀಕರಣ ಮಾಡಿಸಿಕೊಳ್ಳಲಿ. ಆಫೀಸಿನಲ್ಲಿ ಸಹಿ ಹಾಕುವವರು ಇರುವಾಗಲೇ ಇದು ಆಗಬೇಕು, ಬಾಗಿಲು ಹಾಕಿದ ಮೇಲೆ ಅವರನ್ನು ಹುಡುಕುವುದು ಬಹಳ ಕಷ್ಟ. ಟ್ರೈನಿಂಗ್ ಮತ್ತು ಸಿಮ್ಯುಲೇಟರ್ ಚೆಕ್‌ಗಳ ಪ್ರತಿ ತಮ್ಮ ಹತ್ತಿರ ಇರಲಿ. ಕ್ಲಾಸ್ 1 ಮೆಡಿಕಲ್ ಲ್ಯಾಪ್ಸ್ ಆಗದಿರಲಿ. ಸಂಬಳದಿಂದ ಹಿಡಿದ ಪಿಎಫ್ ನಿಜವಾಗಿ ಜಮಾ ಆಗಿದೆಯಾ ಅಂತ ಪಾಸ್‌ಬುಕ್‌ನಲ್ಲಿ, ಟಿಡಿಎಸ್ ಕಟ್ಟಿದ್ದಾರಾ ಅಂತ ಆದಾಯ ತೆರಿಗೆ ಪೋರ್ಟಲ್‌ನಲ್ಲಿ ನೋಡಲಿ. ಕೇಸ್ ಕಂಪನಿಗಳ ದಿವಾಳಿ ವಿಷಯ ನೋಡುವ ಎನ್‌ಸಿಎಲ್‌ಟಿ ನ್ಯಾಯಮಂಡಳಿಗೆ ಹೋದರೆ ಬಾಕಿ ಸಂಬಳಕ್ಕೆ ಫಾರ್ಮ್ ಡಿ ತುಂಬಿ ಕ್ಲೇಮ್ ಹಾಕಬೇಕು, ಅದಕ್ಕೆ ಸಂಬಳದ ಸ್ಲಿಪ್ ಮತ್ತು ಅಪಾಯಿಂಟ್‌ಮೆಂಟ್ ಲೆಟರ್ ಬೇಕಾಗುತ್ತವೆ. ಆ ದುಡ್ಡನ್ನು ನಂಬಿ ಮನೆಯ ಯಾವ ಲೆಕ್ಕವನ್ನೂ ಹಾಕಬೇಡಿ. ಜೆಟ್ ಏರ್‌ವೇಸ್ ನಿಂತದ್ದು 2019ರಲ್ಲಿ. ಅದನ್ನು ಲಿಕ್ವಿಡೇಟ್ ಮಾಡಿ, ಅಂದರೆ ಆಸ್ತಿ ಮಾರಿ ಮುಗಿಸಿ ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 2024ರ ನವೆಂಬರ್‌ನಲ್ಲಿ. ಕ್ಲೇಮ್ ಹಾಕಲಿ, ಆಮೇಲೆ ಅದನ್ನು ಬದಿಗಿಟ್ಟು ಮುಂದಿನ ಇಂಟರ್‌ವ್ಯೂಗೆ ಓದಲು ಕೂರಲಿ.