0.4 ದೊಡ್ಡದೋ, 1.2 ದೊಡ್ಡದೋ?

ಪ್ರಶ್ನೆ: ನಾನು ಕೌಂಟರ್-ಸ್ಟ್ರೈಕ್ 2 ಆಟವನ್ನು 800 ಡಿಪಿಐ ಮೌಸ್‌ನಲ್ಲಿ 1.2 ಸೆನ್ಸಿಟಿವಿಟಿ ಇಟ್ಟುಕೊಂಡು ಆಡುತ್ತೇನೆ. ಬೆಳಗಾವಿಯಲ್ಲಿರುವ ನನ್ನ ಸೋದರಮಾವನ ಮಗ ವ್ಯಾಲೊರಂಟ್ ಆಟವನ್ನು 1600 ಡಿಪಿಐ, 0.4 ಸೆನ್ಸಿಟಿವಿಟಿಯಲ್ಲಿ ಆಡುತ್ತಾನೆ. ಗುಣಿಸಿದರೆ ನನ್ನದು 960, ಅವನದು 640. ನಿನ್ನ ಮೌಸ್ ಅತಿ ವೇಗದ್ದು, ಗುರಿ ತಪ್ಪುವುದು ಅದಕ್ಕೇ ಎಂದು ಅವನು ಹೇಳುತ್ತಾನೆ. ಇದು ನಿಜವೇ? ದೀಪಾವಳಿ ರಜೆಗೆ ಅವನ ಮನೆಗೆ ಹೋದಾಗ ನನ್ನ ವೇಗವನ್ನೇ ಉಳಿಸಿಕೊಳ್ಳಲು ಎಷ್ಟು ಹಾಕಬೇಕು?
– ಒಬ್ಬ ಓದುಗ, ನವನಗರ, ಬಾಗಲಕೋಟೆ

ಉತ್ತರ: ನಿಮ್ಮ ಬಂಧುವಿನ ಗುಣಾಕಾರ ಸರಿಯಾಗಿದೆ, ಹೋಲಿಕೆ ತಪ್ಪಾಗಿದೆ. 60 ಗುಂಟೆ ಹೊಲದವನು 2 ಎಕರೆಯವನಿಗೆ ‘ನನ್ನದೇ ಹೆಚ್ಚು’ ಎಂದಂತೆ ಇದು. ಡಿಪಿಐಯನ್ನು ಸೆನ್ಸಿಟಿವಿಟಿಯಿಂದ ಗುಣಿಸಿ ಬರುವ ಸಂಖ್ಯೆ ಒಂದೇ ಆಟವನ್ನು ಆಡುವ ಇಬ್ಬರ ನಡುವೆ ಮಾತ್ರ ಹೋಲಿಕೆಗೆ ಬರುತ್ತದೆ.

800 ಡಿಪಿಐ ಎಂದರೆ ಮೌಸ್ ಒಂದು ಇಂಚು ಸರಿದಾಗ ಕಂಪ್ಯೂಟರಿಗೆ 800 ಎಣಿಕೆಗಳು ಹೋಗುತ್ತವೆ ಎಂದರ್ಥ. ಸೆನ್ಸಿಟಿವಿಟಿ ಎಂದರೆ ಪ್ರತಿ ಎಣಿಕೆಗೆ ಪರದೆಯ ನೋಟ ಎಷ್ಟು ತಿರುಗಬೇಕೆಂದು ಆಟದೊಳಗೆ ನಾವು ಇಡುವ ಸಂಖ್ಯೆ. ಅದು 1 ಇದ್ದಾಗ ಒಂದು ಎಣಿಕೆಗೆ ಕೌಂಟರ್-ಸ್ಟ್ರೈಕ್ ನೋಟವನ್ನು 0.022 ಡಿಗ್ರಿ ತಿರುಗಿಸಿದರೆ, ವ್ಯಾಲೊರಂಟ್ 0.07 ಡಿಗ್ರಿ, ಅಂದರೆ ಸುಮಾರು 3.18 ಪಟ್ಟು ತಿರುಗಿಸುತ್ತದೆ. ಆದ್ದರಿಂದ ನಿಮ್ಮ ನೋಟ ಮೌಸ್ ಸರಿದ ಇಂಚಿಗೆ 800 × 1.2 × 0.022, ಎಂದರೆ 21.12 ಡಿಗ್ರಿ ತಿರುಗುತ್ತದೆ. ಅವರದು 1600 × 0.4 × 0.07, ಎಂದರೆ 44.8 ಡಿಗ್ರಿ. 360ನ್ನು ಈ ಸಂಖ್ಯೆಗಳಿಂದ ಭಾಗಿಸಿ 2.54ರಿಂದ ಗುಣಿಸಿದರೆ, ಪೂರ್ತಿ ಒಂದು ಸುತ್ತಿಗೆ ನೀವು ಸುಮಾರು 43.3 ಸೆಂಟಿಮೀಟರ್ ಮೌಸ್ ಸರಿಸಬೇಕು, ಅವರಿಗೆ 20.4 ಸೆಂಟಿಮೀಟರ್ ಸಾಕು. ವೇಗ ಹೆಚ್ಚಿರುವುದು ಅವರದೇ, ಅದೂ ಎರಡು ಪಟ್ಟಿಗಿಂತ ಮೇಲೆ! ಹಾಗೆಂದು ಅವರನ್ನು ಹಂಗಿಸಬೇಡಿ. ವೇಗದ ಮೌಸಿನಲ್ಲೂ ಚೆನ್ನಾಗಿ ಗುರಿ ಹಿಡಿಯುವವರಿದ್ದಾರೆ.

ನಿಮ್ಮ ಮೌಸನ್ನೇ ಒಯ್ದರೆ ವ್ಯಾಲೊರಂಟ್‌ನಲ್ಲಿ 0.377 ಹಾಕಿ, ಅವರ 1600ರ ಮೌಸ್ ಹಿಡಿಯುವುದಾದರೆ 0.189. ದೂರದರ್ಶಕವಿರುವ ಬಂದೂಕಿಗೆ ಈ ಲೆಕ್ಕ ಹೊಂದುವುದಿಲ್ಲ, ಏಕೆಂದರೆ ಸ್ಕೋಪ್ ತೆರೆದಾಗ ನೋಟದ ಕೋನ ಕಿರಿದಾಗುವುದರಿಂದ ಅದರ ಸೆನ್ಸಿಟಿವಿಟಿಯನ್ನು ಆಟಗಳು ಬೇರೆಯಾಗಿಯೇ ಇಡುತ್ತವೆ.

ಕಾಗದದ ಲೆಕ್ಕವನ್ನು ಮೇಜಿನ ಮೇಲೂ ಪರೀಕ್ಷಿಸಿ. ಶಾಲೆಯ 30 ಸೆಂಟಿಮೀಟರ್ ಪಟ್ಟಿ ಸಾಲದು, ಬಟ್ಟೆ ಹೊಲಿಯುವವರ ಟೇಪನ್ನು ಹಾಸಿರಿ. ಆಟದೊಳಗೆ ಗೋಡೆಯ ಒಂದು ಕಲೆಗೆ ಗುರಿಯಿಟ್ಟು, ಮೌಸನ್ನು ಟೇಪಿನ ಗುಂಟ ನೇರವಾಗಿ ಒಂದೇ ದಿಕ್ಕಿಗೆ ಸರಿಸುತ್ತ ಅದೇ ಕಲೆ ಮರಳಿ ಗುರಿಗೆ ಬಂದಾಗ ನಿಲ್ಲಿಸಿ ನೋಡಿ. ಒಮ್ಮೆ ನಿಧಾನವಾಗಿ, ಒಮ್ಮೆ ಬೇಗನೆ ಸರಿಸಿದಾಗ ಬೇರೆ ಬೇರೆ ಅಳತೆ ಬಂದರೆ ಎಲ್ಲೋ ವೇಗವರ್ಧನೆ ಚಾಲೂ ಇದೆ. ವಿಂಡೋಸ್‌ನ ‘ಎನ್‌ಹಾನ್ಸ್ ಪಾಯಿಂಟರ್ ಪ್ರಿಸಿಶನ್’ ಅನ್ನು ಮೊದಲು ಆಫ್ ಮಾಡಿ. ಎರಡೂ ಸಲ 43ರ ಬದಲು 40 ಬಂದರೆ ನಿಮ್ಮ ಲೆಕ್ಕವನ್ನು ಸಂಶಯಿಸಬೇಡಿ: ಡಬ್ಬಿಯ ಮೇಲೆ 800 ಎಂದು ಬರೆದಿದ್ದರೂ ಆ ಮೌಸ್ ನಿಜಕ್ಕೂ ಕೊಡುತ್ತಿರುವುದು ಸುಮಾರು 866.