ಸಿಎನ್‌ಸಿ ಯಂತ್ರವೇ ಎಲ್ಲ ಮಾಡುವಾಗ ಮೆಷಿನಿಸ್ಟ್ ಯಾಕೆ ಬೇಕು?

ಸಿಎನ್‌ಸಿ ಅಂದರೆ ಕಂಪ್ಯೂಟರ್ ಹೇಳಿದಂತೆ ಲೋಹ ಕೊರೆಯುವ ಯಂತ್ರ. ಪ್ರೋಗ್ರಾಂ ಹಾಕಿದ ಯಂತ್ರ ಟೂಲನ್ನು (ಕೊರೆಯುವ ಉಳಿಯನ್ನು) ಹೇಳಿದ ಜಾಗಕ್ಕೆ ಒಯ್ಯುತ್ತದೆ, ಅಷ್ಟೇ. ಆ ಹೊತ್ತಿಗೆ ಲೋಹ ಎಷ್ಟು ಬಿಸಿಯಾಗಿದೆ, ಎಷ್ಟು ಬಾಗಿದೆ, ಟೂಲ್ ಎಷ್ಟು ಸವೆದಿದೆ ಎಂದು ಅಂದಾಜು ಮಾಡಿ ತಿದ್ದುವವನು ಮೆಷಿನಿಸ್ಟ್.

ಬಿಸಿಯನ್ನೇ ನೋಡಿ. ಬೇರಿಂಗ್ ಕೂರುವ 50 ಮಿ.ಮೀ. ವ್ಯಾಸದ ಉಕ್ಕಿನ ಶಾಫ್ಟ್‌ಗೆ ಎಷ್ಟೋ ಸಲ ಸಿಗುವ ಟಾಲರೆನ್ಸ್, ಅಂದರೆ ಅಳತೆಯ ಹೆಚ್ಚುಕಡಿಮೆಗೆ ಇರುವ ಅವಕಾಶ, ಬರೀ 16 ಮೈಕ್ರಾನ್. (ಸಾವಿರ ಮೈಕ್ರಾನ್ ಸೇರಿದರೆ ಒಂದು ಮಿ.ಮೀ.) ಟರ್ನಿಂಗ್ ಮಾಡುವಾಗ, ಅಂದರೆ ತಿರುಗಿಸುತ್ತ ಕೊರೆಯುವಾಗ, ಶಾಫ್ಟ್‌ನ ಬಿಸಿ 30 ಡಿಗ್ರಿಯಷ್ಟು ಏರಿದರೆ ವ್ಯಾಸ ಸುಮಾರು 17 ಮೈಕ್ರಾನ್ ಹಿಗ್ಗುತ್ತದೆ. ಬಿಸಿಯಲ್ಲೇ ಅಳೆದು ಓಕೆ ಅಂದರೆ, ತಣ್ಣಗಾದ ಮೇಲೆ ಜಾಬ್ (ತಯಾರಾಗುವ ಬಿಡಿಭಾಗ) ರಿಜೆಕ್ಟ್! ಡ್ರಾಯಿಂಗ್‌ನ ಅಳತೆಗಳೆಲ್ಲ 20 ಡಿಗ್ರಿ ಸೆಲ್ಸಿಯಸ್‌ಗೆ ಲೆಕ್ಕ ಹಾಕಿದವು.

ಇನ್ನೂ ಕಿತಾಪತಿ ಅಂದರೆ ತೆಳು ರಿಂಗ್. ಚಕ್‌ನಲ್ಲಿ, ಅಂದರೆ ಜಾಬನ್ನು ಕಚ್ಚಿ ಹಿಡಿಯುವ ಮೂರು ದವಡೆಯ ಹಿಡಿಕೆಯಲ್ಲಿ, ಬಿಗಿಯಾಗಿ ಹಿಡಿದು ಬೋರ್ ಮಾಡಿದರೆ ಒಳಗಿನ ತೂತು ಸೊಗಸಾಗಿ ದುಂಡಗೇ ಬರುತ್ತದೆ. ಚಕ್ ಸಡಿಲಿಸಿದ ಕೂಡಲೇ, ಹಿಡಿತಕ್ಕೆ ಬಾಗಿದ್ದ ರಿಂಗ್ ತನ್ನ ಮೊದಲಿನ ಆಕಾರಕ್ಕೆ ಮರಳುತ್ತದೆ, ತೂತು ಮೂರು ಕಡೆ ಉಬ್ಬಿಕೊಳ್ಳುತ್ತದೆ. ಎದುರುಬದುರು ಎರಡೇ ಬಿಂದು ಮುಟ್ಟುವ ಗೇಜ್‌ಗೆ ಈ ದೋಷ ಸಿಗದೆಯೂ ಹೋಗಬಹುದು. ಅನುಭವಿ ಮೆಷಿನಿಸ್ಟ್ ರಿಂಗಿನ ವ್ಯಾಸಕ್ಕೇ ಕೊರೆದ ಮೆತ್ತನೆ ದವಡೆ ಹಾಕಿ, ಕೊನೆಯ ಕಟ್‌ಗೆ ಮುಂಚೆ ಹಿಡಿತ ಸಡಿಲಿಸಿಕೊಳ್ಳುತ್ತಾನೆ.

ಅದಕ್ಕೇ ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದಂಥ ಕಡೆ ಜಾಬ್ ಹಾಕಿ ಬಟನ್ ಒತ್ತುವ ಆಪರೇಟರ್ ಬೇರೆ, ಯಂತ್ರ ಹೊಂದಿಸಿಕೊಡುವ ಸೆಟ್ಟರ್ ಬೇರೆ.